ಕೆತ್ತಿದ್ದೆಲ್ಲ ಬರೋಕ್ ಅಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿ ಹೋದರು. ಆ ಗಾದೆಗೆ ಇನ್ನೊಂದು ಸಾಲನ್ನು ಸೇರಿಸಬೇಕಾದ ಪ್ರಸಂಗ ಕಳೆದ ತಿಂಗಳು ನಮಗೆ ಒದಗಿತು.

ಸದಸ್ಯರಿಗೆ ತಿಳಿದಿರುವಂತೆ, ನಮ್ಮ ಸಭಾಂಗಣದ ವೇದಿಕೆಯನ್ನು ಹೊಸದಾಗಿ ಕಟ್ಟಿಸುವ ಪ್ರಸ್ತಾಪ ಕಾರ್ಯಕಾರಿ ಸಮಿತಿಯ ಮುಂದಿದೆ. ಆ ಸಲುವಾಗಿ ಅಲಂಕಾರದ ಗುತ್ತಿಗೆದಾರರೊಬ್ಬರು ಬಂದು, ದಪ್ಪನೆಯದೊಂದು ಚಿತ್ರಗಳ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಬಿಳಿಯ ಪ್ಲಾಸ್ಟರ್ ಗೋಡೆ; ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ, ಚಿಪ್ಪು, ಸುರುಳಿ; ನಡುವೆ ಬಾಗಿದ ಕಾಲುಗಳ ಎರಡು ಸಿಂಹಾಸನ. ಕೆಳಗೆ ಬರೆದ ಹೆಸರು 'ಮೈಸೂರು ರಾಯಲ್ ಬರೋಕ್'. ಮುಂದಿನ ಪುಟ ತಿರುವಿದರೆ ಅದೇ ಬಳ್ಳಿ, ಅದೇ ಚಿಪ್ಪು, ಈ ಸಲ ತಿಳಿಗುಲಾಬಿ ಗೋಡೆಯ ಮೇಲೆ. ಅದರ ಹೆಸರು 'ಹೊಯ್ಸಳ ರೊಕೊಕೊ'!

"ಹಿಂಗ್ಯಾಕ್ರೀ ಎರಡು ಹೆಸರು?" ಎಂದು ನಾವು ಕೇಳುವ ಮೊದಲೇ ಧಾರವಾಡದ ಕಡೆಯ ಹಿರಿಯರೊಬ್ಬರು, "ಎಲ್ಲಾ ಒಂದೇ ಅಲ್ಲೇನ್ರೀ? ಕೆತ್ತನಿ ಅಂದ್ರ ಕೆತ್ತನಿ. ಚಂದ ಕಾಣ್ಸಿದ್ರ ಸಾಕು" ಎಂದರು. ಮೈಸೂರಿನ ಕಡೆಯ ವಿದ್ಯಾವಂತರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: "ಬೇಲೂರು ಹಳೇಬೀಡನ್ನ ಭಾರತದ ಬರೋಕ್ ಅಂತ ದೊಡ್ಡದೊಡ್ಡವರೇ ಅಂತಾರಲ್ಲ ಸ್ವಾಮಿ, ಇದರಲ್ಲಿ ತಪ್ಪೇನಿದೆ?" ಸಭೆ ತಲೆದೂಗಿತು. ಆ ಹೊತ್ತಿನಲ್ಲಿ ನಾವೂ ಸುಮ್ಮನಿದ್ದೆವು. ಸುಮ್ಮನಿದ್ದದ್ದು ತಪ್ಪಾಯಿತು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಪುಟ.

ನಮ್ಮ ವಾದ ಸರಳವಾದದ್ದು. ಬರೋಕ್ ಒಂದು, ರೊಕೊಕೊ ಇನ್ನೊಂದು, ಹೊಯ್ಸಳ ಇವೆರಡೂ ಅಲ್ಲದ ಮತ್ತೊಂದು. ಈ ಮೂರನ್ನೂ 'ತುಂಬ ಕೆತ್ತನೆ ಇರುವುದು' ಎಂಬ ಒಂದೇ ಮೂಟೆಗೆ ಕಟ್ಟುವವರು ಮೂರನ್ನೂ ನೋಡಿದವರಲ್ಲ. ಅಲಂಕಾರವೆಂದರೆ ಅಂಗಡಿಯಲ್ಲಿ ಗಜದ ಲೆಕ್ಕದಲ್ಲಿ ಸಿಗುವ ಸರಕಲ್ಲ. ಯಾರೋ ಯಾರಿಗಾಗಿಯೋ ಒಂದು ಉದ್ದೇಶ ಇಟ್ಟುಕೊಂಡು ಮಾಡಿದ್ದು. ಆ ಉದ್ದೇಶ ಕೇಳದವರಿಗೆ ಶೈಲಿಯ ಹೆಸರು ಹೇಳುವ ಹಕ್ಕಿಲ್ಲ.

"ಹೊಟ್ಟೆಪಾಡಿಗೆ ಬಂದ ನಮಗೆ ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ಗಿರಣಿ, ಬ್ಯಾಂಕು, ರಿಫೈನರಿ, ಹೋಟೆಲು ಎಂದು ದುಡಿಯಲು ಬಂದವರು ನಾವು, ನಿಜ. ಆದರೆ ವಿಂಗಡಿಸಿ ನೋಡುವ ಕಣ್ಣು ನಮ್ಮಲ್ಲಿ ಇಲ್ಲವೆಂದು ಯಾರು ಹೇಳಿದರು? ಸೂರತ್ತಿನಲ್ಲಿರುವ ನಮ್ಮ ಅಕ್ಕತಂಗಿಯರನ್ನು ಕೇಳಿ. ಸೆರಗನ್ನು ಬೆರಳಲ್ಲಿ ಉಜ್ಜಿದೊಡನೆ ಅಸಲಿ ಜರಿ ಯಾವುದು, ನಕಲಿ ಜರಿ ಯಾವುದು ಎಂದು ಹೇಳುತ್ತಾರೆ. ಪಾಟಣದ ಪಟೋಲದಲ್ಲಿ ಹಾಸು ಹೊಕ್ಕು ಎರಡೂ ನೂಲಿಗೆ ಮೊದಲೇ ಬಣ್ಣ ಕಟ್ಟಿರುತ್ತಾರೆ, ರಾಜಕೋಟೆಯದರಲ್ಲಿ ಒಂದಕ್ಕೆ ಮಾತ್ರ; ಅದೂ ಅವರಿಗೆ ಗೊತ್ತು. ಇಳಕಲ್ಲಿನ ತೋಪುತೆನೆಯ ಸೆರಗನ್ನು ತೋರಿಸಿ 'ಇದು ಬನಾರಸಿ' ಎಂದು ಅಂಗಡಿಯವನು ಹೇಳಿದರೆ ಆತನನ್ನು ಬಿಟ್ಟಾರೆಯೇ? ಸೀರೆಯ ವಿಷಯದಲ್ಲಿ ಇಷ್ಟು ಜಾಣರಾದ ನಾವು, ಊರಿನ ಹೆಸರು ಹಚ್ಚಿ ಮಾರುವ ಪ್ಲಾಸ್ಟರಿನ ಮುಂದೆ ಮಾತ್ರ ಯಾಕೆ ಮುಗ್ಧರಾಗಬೇಕು?

ಸರಿ, ಮೊದಲು ಬರೋಕ್. ಪೋರ್ತುಗೀಸರ ಭಾಷೆಯಲ್ಲಿ 'ಬರೋಕೊ' ಎಂದರೆ ಸೊಟ್ಟ ಮುತ್ತು. ಆ ಮಾತಿನಿಂದ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೊಗಳಿಕೆಯಾಗಿ ಇಟ್ಟ ಹೆಸರಲ್ಲ, ಬೈಗುಳವಾಗಿ ಇಟ್ಟದ್ದು. ಯೂರೋಪಿನಲ್ಲಿ ಪ್ರಾಟೆಸ್ಟೆಂಟರು ರೋಮಿನ ಚರ್ಚಿನಿಂದ ಸಿಡಿದು ಹೋದ ಮೇಲೆ, ರೋಮಿನವರು ತಮ್ಮ ಮನೆಯನ್ನು ಸರಿಪಡಿಸಿಕೊಳ್ಳಲು ಟ್ರೆಂಟ್ ಎಂಬಲ್ಲಿ 1545ರಿಂದ 1563ರವರೆಗೆ ಬಿಟ್ಟುಬಿಟ್ಟು ಸಭೆ ನಡೆಸಿದರು. ಚಿತ್ರ ಶಿಲ್ಪಗಳು ಜನರ ಭಕ್ತಿಯನ್ನು ಎಬ್ಬಿಸಬೇಕು, ಓದುಬಾರದವನಿಗೂ ಧರ್ಮವನ್ನು ಮುಟ್ಟಿಸಬೇಕು ಎಂಬ ಮಾತು ಆ ಸಭೆಯಿಂದ ಬಲಗೊಂಡಿತು. ಸುಮಾರು 1600ರ ಹೊತ್ತಿಗೆ ರೋಮಿನಲ್ಲಿ ಹುಟ್ಟಿದ ಬರೋಕ್ ಈ ಕೆಲಸಕ್ಕೆ ಸೊಂಟ ಕಟ್ಟಿ ನಿಂತ ಕಲೆ. ಸಂತ ಪೀಟರನ ದೇವಾಲಯದೊಳಗೆ ಬರ್ನಿನಿ 1624ರಿಂದ 1633ರವರೆಗೆ ಎರಕ ಹೊಯ್ಯಿಸಿ ನಿಲ್ಲಿಸಿದ ಕಂಚಿನ ಮಂಟಪದ ಎತ್ತರ ಸುಮಾರು 29 ಮೀಟರ್. ಅದರ ನಾಲ್ಕು ಕಂಬಗಳು ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುತ್ತವೆ. ಅದೇ ಬರ್ನಿನಿ ಕಡೆದ ಸಂತ ತೆರೇಸಾಳ ಭಾವಪರವಶತೆಯ ಶಿಲ್ಪಕ್ಕೆ ಮರೆಯಲ್ಲಿಟ್ಟ ಕಿಟಕಿಯೊಂದರಿಂದ ಬೆಳಕು ಬೀಳುತ್ತದೆ. ಎರಡು ಬದಿಗೂ ನಾಟಕಶಾಲೆಯ ಅಟ್ಟಣಿಗೆಯಂತೆ ಕೆತ್ತಿ, ಆ ಗುಡಿ ಕಟ್ಟಿಸಿದ ಮನೆತನದವರನ್ನು ಅಲ್ಲಿ ಕೂರಿಸಿದ್ದಾನೆ! ಇದು ರಂಗಸ್ಥಳ. ಕತ್ತಲು, ಥಟ್ಟನೆ ಬೆಳಕು, ಭಾರವಾದ ಕಂಬ, ಉಬ್ಬಿ ತಗ್ಗುವ ಗೋಡೆ, ಆಕಾಶಕ್ಕೆ ಬಾಯ್ದೆರೆದ ಗುಮ್ಮಟ. ಒಳಗೆ ಕಾಲಿಟ್ಟವನು ಸಣ್ಣವನಾಗಬೇಕು, ನಡುಗಬೇಕು, ನಂಬಬೇಕು. ದೇವರಿಗೆ ಮಾಡಿದ ಈ ಉಪಾಯವನ್ನು ರಾಜರೂ ಬೇಗನೆ ಕಲಿತುಕೊಂಡರು. ಫ್ರಾನ್ಸಿನ 14ನೆಯ ಲೂಯಿ ವರ್ಸೈ ಅರಮನೆಯಲ್ಲಿ 1678ರಿಂದ 1684ರೊಳಗೆ ಕಟ್ಟಿಸಿದ ಕನ್ನಡಿಗಳ ಹಜಾರದಲ್ಲಿ ಆ ದೇವರ ಪೀಠದಲ್ಲಿ ಕೂತವನು ರಾಜ.

ಆ ರಾಜ 1715ರಲ್ಲಿ ತೀರಿಕೊಂಡ. ವರ್ಸೈಯಲ್ಲಿ ವರ್ಷಗಟ್ಟಲೆ ಕೈಕಟ್ಟಿ ನಿಂತು ಬೇಸತ್ತಿದ್ದ ಸಿರಿವಂತರು ಪ್ಯಾರಿಸಿಗೆ ಮರಳಿ, ತಮ್ಮ ಪಟ್ಟಣದ ಮನೆಗಳನ್ನು ಸಿಂಗರಿಸತೊಡಗಿದರು. ರೊಕೊಕೊ ಬೆಳೆದದ್ದು ಆ ಮನೆಗಳ ಕೋಣೆಗಳಲ್ಲಿ. ಉದ್ಯಾನದ ಕೃತಕ ಗುಹೆಗಳಲ್ಲಿ ಕಲ್ಲು ಚಿಪ್ಪುಗಳಿಂದ ಮಾಡುತ್ತಿದ್ದ ಅಲಂಕಾರಕ್ಕೆ ಫ್ರೆಂಚರು 'ರೊಕೈ' ಎನ್ನುತ್ತಿದ್ದರು. ಅದರಿಂದ ಈ ಹೆಸರು. ಇದೂ ಕೊನೆಗೆ ಗೇಲಿ ಮಾಡಿದವರು ಇಟ್ಟದ್ದೇ. ಇಲ್ಲಿ ನಡುಗಿಸುವ ಕೆಲಸವಿಲ್ಲ. ಹತ್ತು ಜನ ಗೆಳೆಯರು ಕೂತು ಹರಟಬೇಕು, ಸಂಗೀತ ಕೇಳಬೇಕು. ಪ್ಯಾರಿಸಿನ ಸೂಬೀಸ್ ಮನೆಯಲ್ಲಿ ಬೊಫ್ರಾನ್ 1730ರ ದಶಕದಲ್ಲಿ ರಚಿಸಿದ ಮೊಟ್ಟೆಯಾಕಾರದ ಕೋಣೆಯನ್ನು ಚಿತ್ರದಲ್ಲಾದರೂ ನೋಡಿ. ದಪ್ಪ ಕಂಬಗಳು ಮಾಯವಾಗಿವೆ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಮೊದಲಾಯಿತು ಎಂದು ತಿಳಿಯದಂತೆ ಬಂಗಾರದ ಎಳೆಗಳು ಮೂಲೆಯನ್ನು ಕರಗಿಸಿಬಿಟ್ಟಿವೆ. ಬಿಳಿ, ತಿಳಿನೀಲಿ, ಕಿಟಕಿಗೆ ಎದುರಾಗಿ ಕನ್ನಡಿ. ಬರೋಕಿನ ರೂಬೆನ್ಸ್ ಶಿಲುಬೆಯಿಂದ ಕ್ರಿಸ್ತನ ಹೆಣ ಇಳಿಸುವುದನ್ನು ಬರೆದರೆ, ರೊಕೊಕೊದ ಫ್ರಾಗೊನಾರ್ ಉಯ್ಯಾಲೆಯಾಡುತ್ತ ಚಪ್ಪಲಿ ಹಾರಿಸುವ ಹೆಣ್ಣನ್ನು ಬರೆದ. ಇಬ್ಬರೂ ಕೈ ತುಂಬ ಬಲ್ಲವರೇ. ಹೇಳಬೇಕಾದ ಮಾತು ಬೇರೆ, ಆದ್ದರಿಂದ ಭಾಷೆ ಬೇರೆ.

ನಮ್ಮವರಿಗೆ ನಮ್ಮ ಹೋಲಿಕೆಯಲ್ಲೇ ಹೇಳುವುದಾದರೆ, ಬರೋಕ್ ಎಂದರೆ ಯಕ್ಷಗಾನದ ಬಣ್ಣದ ವೇಷದ ಪ್ರವೇಶ. ದೊಂದಿಯ ಬೆಳಕು, ರಾಳದ ಹೊಗೆ, ಚೆಂಡೆಯ ಪೆಟ್ಟು, ಇಡೀ ಬಯಲು ಬೆಚ್ಚಿ ಎದ್ದು ಕೂರಬೇಕು. ರೊಕೊಕೊ ಎಂದರೆ ನಡುಮನೆಯಲ್ಲಿ ಜಮಖಾನ ಹಾಸಿ, ನಾಲ್ಕು ಜನರ ಮುಂದೆ ಮೆಲುದನಿಯಲ್ಲಿ ಹಾಡುವ ಜಾವಳಿ. ಜಾವಳಿಗೆ ಚೆಂಡೆ ಬಾರಿಸಿದರೂ ಕೆಟ್ಟಿತು, ಬಣ್ಣದ ವೇಷಕ್ಕೆ ಪಿಸುದನಿ ಹಾಡಿದರೂ ಕೆಟ್ಟಿತು.

ಹಾಗಾದರೆ ಗುರುತಿಸುವುದು ಹೇಗೆ? ಐದು ಪ್ರಶ್ನೆ ಸಾಕು. ಇದು ಜನಜಂಗುಳಿಗೋ, ಗೆಳೆಯರ ಗುಂಪಿಗೋ? ಅಲಂಕಾರ ಕಟ್ಟಡದ ಎಲುಬಿಗೆ, ಎಂದರೆ ಕಂಬ, ತೊಲೆ, ಗುಮ್ಮಟಕ್ಕೆ ಅಂಟಿದೆಯೋ, ಅಥವಾ ಗೋಡೆಯ ಚರ್ಮದ ಮೇಲೆ ಹರಿದಾಡಿದೆಯೋ? ಎಡಬಲ ತೂಗಿ ನಿಂತಿದೆಯೋ, ಅಥವಾ ಒಂದು ಪಕ್ಕಕ್ಕೆ ವಾಲಿದ ಚಿಪ್ಪಿನಂತೆ ಬೇಕೆಂದೇ ಓರೆಯಾಗಿದೆಯೋ? ಬಣ್ಣ ಗಾಢವೋ, ತಿಳಿಯೋ? ಬೆಳಕು ಕತ್ತಲೆಯೊಡನೆ ಕಾದಾಡುತ್ತಿದೆಯೋ, ಕೋಣೆಯ ತುಂಬ ಸಮನಾಗಿ ಹರಡಿದೆಯೋ? ಎಲ್ಲದಕ್ಕೂ ಮೊದಲನೆಯ ಉತ್ತರ ಬಂದರೆ ಬರೋಕ್, ಎರಡನೆಯದು ಬಂದರೆ ರೊಕೊಕೊ. ಅಪವಾದಗಳಿಲ್ಲವೆಂದಲ್ಲ. ಜರ್ಮನಿಯ ಬವೇರಿಯದಲ್ಲಿ ಜಿಮ್ಮರ್‌ಮನ್ 1745ರಿಂದ 1754ರವರೆಗೆ ಕಟ್ಟಿದ ವೀಸ್ ಚರ್ಚು ಹಳ್ಳಿಗಾಡಿನ ಯಾತ್ರಾಸ್ಥಳ. ಆದರೂ ಒಳಗೆ ರೊಕೊಕೊ. ಜಾವಳಿಯ ಧಾಟಿಯಲ್ಲಿ ದೇವರನಾಮ ಹಾಡಿದಂತೆ ಎನ್ನಿ. ಧಾಟಿ ಗೊತ್ತಿದ್ದವನಿಗೆ ಮಾತ್ರ ಆ ಬೆರಕೆಯ ಸೊಗಸು ತಿಳಿದೀತು.

ಇದೆಲ್ಲ ಕಡಲಾಚೆಯ ಮಾತಾಯಿತು, ನಮ್ಮ ಸುತ್ತಮುತ್ತ ಏನಿದೆ ಎಂದು ಕೇಳಬಹುದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಹಳೆಯ ರೋಗ. ರಜೆಗೆ ಅಹಮದಾಬಾದಿನಿಂದ ದೀವ್‌ಗೆ ಬಸ್ಸು ಹತ್ತುವ ನಮ್ಮ ಕುಟುಂಬಗಳು ಕಡಲ ತೀರದಲ್ಲಿ ಸ್ನಾನ ಮಾಡಿ ಮರಳುತ್ತವೆ. ಅಲ್ಲೇ ಪೋರ್ತುಗೀಸರು 1601ರಲ್ಲಿ ಆರಂಭಿಸಿ 1610ರಲ್ಲಿ ಮುಗಿಸಿದ ಸಂತ ಪೌಲನ ಚರ್ಚು ಇದೆ. ಅದರ ಮುಂಗೋಡೆ ಬರೋಕ್. ಅದರ ಮೇಲೆ ಚಿಪ್ಪಿನಂಥ ಅಲಂಕಾರವೂ ಇದೆ! ಚಿಪ್ಪು ಕಂಡೊಡನೆ 'ರೊಕೊಕೊ' ಎನ್ನುವ ಅರೆಬರೆ ಪಂಡಿತರು ಇಲ್ಲಿ ಮುಗ್ಗರಿಸುತ್ತಾರೆ. ಪ್ಯಾರಿಸಿನ ಕೋಣೆಗಳಲ್ಲಿ ರೊಕೊಕೊ ಹುಟ್ಟುವುದಕ್ಕೆ ಇನ್ನೂ ನೂರು ವರ್ಷವಿತ್ತು. ಒಂದು ಚಿಪ್ಪಿನಿಂದ ಶೈಲಿಯಾಗುವುದಿಲ್ಲ.

ಇನ್ನು ಸೂರತ್. ಅಲ್ಲಿನ ಕತಾರಗಾಂ ದರವಾಜೆಯ ಹತ್ತಿರದ ಇಂಗ್ಲಿಷರ ಹಳೆಯ ಸ್ಮಶಾನದಲ್ಲಿ ಕೋಠಿಯ ಅಧ್ಯಕ್ಷನಾಗಿದ್ದ ಜಾರ್ಜ್ ಆಕ್ಸಿಂಡನ್ ಮಣ್ಣಾಗಿದ್ದಾನೆ. ಅವನು ಸತ್ತದ್ದು 1669ರಲ್ಲಿ. ಅವನಿಗಿಂತ ಹತ್ತು ವರ್ಷ ಮೊದಲು ಸತ್ತ ಸೋದರ ಕ್ರಿಸ್ಟೋಫರನೂ ಅಲ್ಲೇ ಇದ್ದಾನೆ. ಡಚ್ಚರ ಸ್ಮಶಾನದಲ್ಲಿ 1691ರಲ್ಲಿ ಸತ್ತ ವಾನ್ ರೀಡನ ಗೋರಿ ಇದೆ. ಮಲಬಾರಿನ ಗಿಡಮೂಲಿಕೆಗಳ ಮೇಲೆ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಗ್ರಂಥದ ಕರ್ತೃ ಈತನೇ. ಆ ಗ್ರಂಥಕ್ಕೆ ನೆರವಾದವರಲ್ಲಿ ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರಿದ್ದರೆಂಬುದು ಕರಾವಳಿಯಿಂದ ಬಂದ ನಮ್ಮವರಿಗೆ ಹೆಮ್ಮೆಯ ಮಾತು. ಆಕ್ಸಿಂಡನ್ ಸತ್ತಾಗ ರೋಮಿನಲ್ಲಿ ಬರ್ನಿನಿ ಇನ್ನೂ ಬದುಕಿದ್ದ. ಕಾಲ ಬರೋಕಿನದು, ಸತ್ತವರು ಯೂರೋಪಿನವರು. ಹಾಗಾದರೆ ಗೋರಿಗಳೂ ಬರೋಕ್ ಆಗಬೇಕಲ್ಲವೇ? ಹೋಗಿ ನೋಡಿ. ಗುಮ್ಮಟ, ಕಮಾನು, ಅಂತಸ್ತು, ಎಲ್ಲವೂ ಈ ನಾಡಿನ ಸುಲ್ತಾನರ, ಮೊಗಲರ ಗೋರಿಗಳ ಧಾಟಿಯಲ್ಲಿವೆ. ಈ ಮಣ್ಣಿನಲ್ಲಿ ದೊಡ್ಡವರೆನಿಸಬೇಕಾದರೆ ಈ ಮಣ್ಣಿನ ಭಾಷೆಯಲ್ಲೇ ಗುಮ್ಮಟ ಎತ್ತಬೇಕೆಂದು ಆ ವ್ಯಾಪಾರಿಗಳಿಗೆ ತಿಳಿದಿತ್ತು. ಪಂಚಾಂಗ ನೋಡಿ ಶೈಲಿ ಹೇಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸೂರತ್ತಿಗೆ ರೊಕೊಕೊದ ನಂಟೂ ಇದೆ, ಕಲ್ಲಿನಲ್ಲಲ್ಲ, ಬಟ್ಟೆಯಲ್ಲಿ. ಫ್ರೆಂಚರು 1668ರಲ್ಲಿ ಅಲ್ಲಿ ತಮ್ಮ ಕೋಠಿ ತೆರೆದರು. ಗುಜರಾತಿನ ಕಸೂತಿಯೂ ಗುಜರಾತ್ ಮತ್ತು ಚೋಳಮಂಡಲ ತೀರದ ಹೂವಿನ ಅಚ್ಚಿನ ಹತ್ತಿಬಟ್ಟೆಯೂ ಯೂರೋಪಿಗೆ ಹೋಗಿ ಎಂಥ ಹುಚ್ಚು ಹಿಡಿಸಿದುವೆಂದರೆ, ಸ್ವಂತ ನೇಕಾರರ ಕೂಗಿಗೆ ಮಣಿದು ಫ್ರಾನ್ಸಿನ ಸರಕಾರ 1686ರಲ್ಲಿ ಅಚ್ಚಿನ ಬಟ್ಟೆಯನ್ನೇ ನಿಷೇಧಿಸಿತು. ಆ ನಿಷೇಧ ತೆರವಾದದ್ದು 1759ರಲ್ಲಿ. ನಡುವಿನ ಆ ಎಪ್ಪತ್ತಮೂರು ವರ್ಷ ಕಳ್ಳದಾರಿಯಲ್ಲಿ ಬಂದ ಬಟ್ಟೆಯನ್ನು ಸಿರಿವಂತ ಹೆಂಗಸರು ಉಟ್ಟೇ ಉಟ್ಟರು. ರೊಕೊಕೊ ಕೋಣೆಗಳ ಕಾಲವೂ ಅದೇ. ಇಂದು ರೊಕೊಕೊವನ್ನು ಫ್ಯಾಷನ್ನಾಗಿ ಬಾಡಿಗೆಗೆ ತರುವ ನಾವು, ಒಂದು ಕಾಲಕ್ಕೆ ಅವರೇ ನಮ್ಮ ಹೂವಿಗಾಗಿ ಕಾನೂನು ಮುರಿದರೆಂಬುದನ್ನು ಮರೆಯಬಾರದು.

ಗುಜರಾತಿನ ಶಿಲ್ಪಿ ಆ ಕಾಲದ ಯೂರೋಪನ್ನು ಕಣ್ಣಾರೆ ಕಂಡು ಬಂದು ಕೆಲಸ ಮಾಡಿದ್ದೂ ಉಂಟು. ಕಚ್ಛದ ರಾಮಸಿಂಗ ಮಾಲಂ ಎಂಬ ನಾವಿಕ ಹಾಲೆಂಡಿನಲ್ಲಿ ವರ್ಷಗಟ್ಟಲೆ ಇದ್ದು ಗಾಜು, ಹೆಂಚುಬಿಲ್ಲೆ, ಮೀನಾಕಾರಿಯ ಕೆಲಸ ಕಲಿತು ಮರಳಿದ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ರಾವ್ ಲಖಪತಜಿಗಾಗಿ ಭುಜ್ ನಗರದಲ್ಲಿ ಆಯಿನಾ ಮಹಲನ್ನು ಕಟ್ಟಿದ. ಬಿಳಿಗೋಡೆ, ಕನ್ನಡಿ, ಬಂಗಾರದ ಚೌಕಟ್ಟು. 2001ರ ಭೂಕಂಪದಲ್ಲಿ ಅದಕ್ಕೆ ಬಹಳ ಪೆಟ್ಟು ಬಿತ್ತು. ಅವನು ಯೂರೋಪಿನಿಂದ ಕಲಿತದ್ದನ್ನು ಕಚ್ಛದ ರಾಜನ ಬದುಕಿಗೆ ಒಗ್ಗಿಸಿದನೇ ಹೊರತು, ನಕಲು ಇಳಿಸಿ ಅದಕ್ಕೆ ಊರಿನ ಹೆಸರು ಹಚ್ಚಲಿಲ್ಲ. ಕಲಿಯುವುದಕ್ಕೂ ಕದಿಯುವುದಕ್ಕೂ ಇರುವ ಅಂತರ ಇದು.

ಈಗ ನಮ್ಮ ಮುಖ್ಯ ಜಗಳಕ್ಕೆ ಬರೋಣ: ಹೊಯ್ಸಳರ ಗುಡಿಗಳು 'ಭಾರತದ ಬರೋಕ್' ಹೌದೇ? ಹೀಗೆ ಅನ್ನುವವರ ಉದ್ದೇಶ ಹೊಗಳುವುದೇ, ನಾವು ಬಲ್ಲೆವು. ಆದರೆ ಬೇಲೂರಿನ ಚೆನ್ನಕೇಶವ ಗುಡಿಯ ಪ್ರತಿಷ್ಠೆಯಾದದ್ದು 1117ರಲ್ಲಿ. ರೋಮಿನವರು ಬರೋಕ್ ಎಂಬುದನ್ನು ಕನಸಿನಲ್ಲೂ ಕಾಣುವುದಕ್ಕೆ ಐನೂರು ವರ್ಷ ಮೊದಲು. ತಾತನನ್ನು ಮೊಮ್ಮಗನ ಹೆಸರಿನಿಂದ ಕರೆಯುವುದು ಯಾವ ಮರ್ಯಾದೆ?

ಕಾಲದ ಮಾತು ಬಿಡಿ, ಉದ್ದೇಶವನ್ನೇ ಕೇಳೋಣ. ರೋಮಿನ ಸಂತ ಇಗ್ನೇಷಿಯಸನ ಚರ್ಚಿನ ಚಾವಣಿಯಲ್ಲಿ ಪೊಜ್ಜೊ ಎಂಬ ಚಿತ್ರಕಾರ ಹದಿನೇಳನೆಯ ಶತಮಾನದ ಕೊನೆಗೆ ಆಕಾಶವೇ ತೆರೆದಂತೆ ಚಿತ್ರ ಬರೆದ. ಅದನ್ನು ಸರಿಯಾಗಿ ನೋಡಲು ನೆಲದ ಮೇಲೆ ಒಂದು ಗುರುತು ಹಾಕಿದ್ದಾರೆ. ಅಲ್ಲಿ ನಿಂತರೆ ಕಂಬಗಳು ನೆಟ್ಟಗೆ ಸ್ವರ್ಗಕ್ಕೆ ಏರುತ್ತವೆ, ಹತ್ತು ಹೆಜ್ಜೆ ಸರಿದರೆ ವಾಲುತ್ತವೆ. ಬರೋಕಿನ ಗುಟ್ಟು ಅದು: ಇಲ್ಲಿ ನಿಲ್ಲು, ಬೆರಗಾಗು. ಹಳೇಬೀಡಿಗೆ ಹೋಗಿ. ನಿಲ್ಲಲು ಅಲ್ಲಿ ಗುರುತೇ ಇಲ್ಲ. ಗುಡಿಯ ಸುತ್ತ ಜಗತಿ ಇದೆ; ಅದು ನಡೆಯುವ ದಾರಿ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹಗಳ, ಕುದುರೆ ಸವಾರರ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ ಭಾರತ ಭಾಗವತದ ಕಥೆಗಳು, ಮಕರ, ಹಂಸ. ಕಣ್ಣಳತೆಯಲ್ಲಿ, ಕೈಯಳತೆಯಲ್ಲಿ, ಪುಟ ತಿರುವಿದಂತೆ ಓದುತ್ತ ಪ್ರದಕ್ಷಿಣೆ ಬರಬೇಕು. ನಕ್ಷತ್ರದಂತೆ ಮಡಿಸಿದ ಗೋಡೆ ಹೆಜ್ಜೆಹೆಜ್ಜೆಗೂ ಒಂದು ಹೊಸ ಮೂಲೆಯನ್ನು ಬಿಸಿಲಿಗೆ ಒಡ್ಡುತ್ತದೆ. ಬರೋಕ್ ನಮ್ಮನ್ನು ನಿಲ್ಲಿಸುತ್ತದೆ, ಹೊಯ್ಸಳ ನಮ್ಮನ್ನು ನಡೆಸುತ್ತದೆ. ಇಷ್ಟು ದೊಡ್ಡ ಅಂತರವನ್ನು 'ತುಂಬ ಕೆತ್ತನೆ' ಎಂಬ ಒಂದೇ ಮಾತು ನುಂಗಿಬಿಡುತ್ತದೆ.

ರೊಕೊಕೊವೂ ಅಲ್ಲ. ರೊಕೊಕೊದ ಪ್ಲಾಸ್ಟರ್ ಬಳ್ಳಿ ಗೋಡೆಯ ಮೇಲಿನ ಉಡುಪು. ಹೊಯ್ಸಳರ ಬಳ್ಳಿ ಗೋಡೆಯ ಕಲ್ಲಿನದೇ ಮೈ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಆರಿ ಗಟ್ಟಿಯಾಗುವ ಬಳಪದ ಕಲ್ಲಿನ ಸ್ವಭಾವವನ್ನು ಅರಿತು ಉಳಿ ಹಿಡಿದವರ ಕೆಲಸ. ಕಂಬಗಳನ್ನು ತಿರುಗಣಿಯಲ್ಲಿ ಕಡೆದವರ ಕೆಲಸ. ಅವರು ಹೆಸರಿಲ್ಲದವರೂ ಅಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ, ಮಲ್ಲಿತಮ್ಮ ಸೋಮನಾಥಪುರದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿದ್ದಾರೆ. ಸ್ಕಾಟ್ಲೆಂಡಿನ ವಿದ್ವಾಂಸ ಫರ್ಗ್ಯುಸನ್ 1876ರ ತನ್ನ ಗ್ರಂಥದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಎದುರಿಗಿಟ್ಟು, ಇವೆರಡೂ ವಾಸ್ತುಕಲೆಯ ಎರಡು ತುದಿಗಳು ಎಂಬಂತೆ ತೂಗಿದ. ಪರದೇಶದವನೇ ಅದಕ್ಕೆ ತನ್ನದೇ ಆದ ಒಂದು ತುದಿಯನ್ನು ಬಿಟ್ಟುಕೊಟ್ಟಿರುವಾಗ, ಮನೆಯವರಾದ ನಾವು ಅದನ್ನು ಇನ್ನೊಬ್ಬರ ಅಂಗಳಕ್ಕೆ ತಳ್ಳಬೇಕೇ? ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೊಯ್ಸಳರೆಂಬ ಹೆಸರಿನಲ್ಲೇ. ಬರೋಕ್ ಎಂಬ ಸಾಲದ ಅಂಗಿ ತೊಡಿಸಿ ಅಲ್ಲ.

ಇದೇ ನ್ಯಾಯವನ್ನು ನಾವು ನಮ್ಮ ಆತಿಥೇಯರಿಗೂ ಸಲ್ಲಿಸಬೇಕು. ಮೊಢೇರಾದ ಸೂರ್ಯ ದೇಗುಲಕ್ಕೆ ನೆಂಟರನ್ನು ಕರೆದೊಯ್ದು, "ಇದೂ ಚಾಲುಕ್ಯರದ್ದೇ, ನಮ್ಮ ಬಾದಾಮಿಯವರದ್ದೇ" ಎಂದು ಹೆಮ್ಮೆಪಡುವವರನ್ನು ಕಂಡಿದ್ದೇವೆ. ಗುಜರಾತಿನಲ್ಲಿ ಬಾದಾಮಿಯವರ ಗುರುತುಗಳಿಲ್ಲವೆಂದಲ್ಲ. ಅರಬರ ದಂಡನ್ನು ಸೋಲಿಸಿದ ಪುಲಕೇಶಿ ಅವನಿಜನಾಶ್ರಯನ 739ರ ತಾಮ್ರಪಟ ಸೂರತ್ ಪಕ್ಕದ ನವಸಾರಿಯದು. ಅವನು ಬಾದಾಮಿಯ ಕುಲದವನೇ. ವಡೋದರಾ ಊರಿನ ಹಳೆಯ ಹೆಸರು ವಡಪದ್ರಕ ಎಂದು ಕಾಣಿಸುವುದು ರಾಷ್ಟ್ರಕೂಟ ಕರ್ಕನ 812ರ ತಾಮ್ರಪಟದಲ್ಲಿ. ಇಷ್ಟು ಸಾಲದೇ ಹೆಮ್ಮೆಗೆ? ಮೊಢೇರಾ ಕಟ್ಟಿದ್ದು ಸೋಲಂಕಿ ಭೀಮದೇವನ ಕಾಲದಲ್ಲಿ, 1026ರ ಸುಮಾರಿಗೆ. ಸೋಲಂಕಿಗಳಿಗೆ ಚೌಲುಕ್ಯರೆಂಬ ಹೆಸರಿದ್ದರೂ ಕಲ್ಲಿನ ಭಾಷೆ ಬೇರೆ. ಅಲ್ಲಿ ಮರಳುಗಲ್ಲು, ಹೊಯ್ಸಳರಲ್ಲಿ ಬಳಪದ ಕಲ್ಲು. ಅಲ್ಲಿ ಕಂಬದಿಂದ ಕಂಬಕ್ಕೆ ಏಣುಏಣಾದ ತೋರಣ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕುಂಡ, ಅದರ ಪಾವಟಿಗೆಗಳಲ್ಲಿ ಪುಟ್ಟಪುಟ್ಟ ಗುಡಿಗಳು. ಇಲ್ಲಿ ಜಗತಿ, ನಕ್ಷತ್ರದ ತಳವಿನ್ಯಾಸ, ತಿರುಗಣಿಯ ಕಂಬ. ನಮ್ಮದನ್ನು ಇತರರು ಬೆರೆಸಿದರೆ ನೋಯುವ ನಾವು, ಅವರದನ್ನು ನಮ್ಮದೆಂದು ಎತ್ತಿಕೊಳ್ಳುವುದು ನ್ಯಾಯವಲ್ಲ.

ಕೊನೆಗೆ 'ಮೈಸೂರು ರಾಯಲ್ ಬರೋಕ್' ಬಗ್ಗೆ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ಯೋಜಿಸಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅದು ಇಂಡೋ-ಸಾರಸೆನಿಕ್ ಎಂಬ ಬೆರಕೆಯ ಶೈಲಿ. ವಡೋದರಾದಲ್ಲಿ ಮ್ಯಾಂಟ್ ಆರಂಭಿಸಿ, ಅವನು ಸತ್ತ ಮೇಲೆ ಚಿಶೋಮ್ 1890ರಲ್ಲಿ ಮುಗಿಸಿದ ಲಕ್ಷ್ಮೀವಿಲಾಸ ಅರಮನೆಯೂ ಅದೇ ಬಳಗದ್ದು. ಮೈಸೂರಿನಲ್ಲಿ ಬರೋಕಿನ ನೆರಳು ಬೇಕಿದ್ದರೆ ವೈಸರಾಯರಿಗಾಗಿ 1921ರಲ್ಲಿ ಕಟ್ಟಲು ತೊಡಗಿದ ಲಲಿತಮಹಲನ್ನು ನೋಡಿ. ಅದರ ಗುಮ್ಮಟಕ್ಕೆ ಮಾದರಿ ಲಂಡನ್ನಿನ ಸಂತ ಪೌಲನ ದೇವಾಲಯ, ಎಂದರೆ ಇಂಗ್ಲಿಷರ ಬರೋಕ್. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಚಾವಣಿಗಳ ಮೇಲೆ ಇಟಲಿಯ ಮೊಸ್ಕೇನಿ 1899ರ ಹೊತ್ತಿಗೆ ಬರೆಯತೊಡಗಿದ ಚಿತ್ರಗಳಲ್ಲೂ ಆ ಪರಂಪರೆಯ ಕೈ ಕಾಣುತ್ತದೆ. ಗುತ್ತಿಗೆದಾರರ ಪುಸ್ತಕದಲ್ಲಿದ್ದ ಬಾಗುಗಾಲಿನ ಸಿಂಹಾಸನ, ಓರೆ ಚಿಪ್ಪು, ಬಿಳಿಯ ಮೇಲಿನ ಬಂಗಾರದ ಎಳೆ? ಅದು ರೊಕೊಕೊದ ನಕಲು. ಬರೋಕ್ ಅಲ್ಲ, ಮೈಸೂರು ಅಲ್ಲ, ಹೊಯ್ಸಳ ಮೊದಲೇ ಅಲ್ಲ. ನಾಲ್ಕು ಜನರ ಹರಟೆಯ ಕೋಣೆಗೆ ಹುಟ್ಟಿದ್ದನ್ನು ನಾನೂರು ಜನರ ಸಭಾಂಗಣಕ್ಕೆ ಹಿಗ್ಗಿಸಿದರೆ ರೊಕೊಕೊಗೂ ಅವಮಾನ.

ನಾವು ರೊಕೊಕೊದ ಶತ್ರುಗಳಲ್ಲ. ಬೈಗುಳವಾಗಿದ್ದ ಬರೋಕಿಗೆ ಮರ್ಯಾದೆ ತಂದವರಲ್ಲಿ 1888ರಲ್ಲಿ ಬರೆದ ವುಲ್ಫ್ಲಿನ್ ಮುಖ್ಯನು. ಆತ ಕಲಿಸಿದ್ದು ಇಷ್ಟೇ: ಹೀಗಳೆಯುವ ಮೊದಲೂ ಹೊಗಳುವ ಮೊದಲೂ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡು.

ಇಷ್ಟಕ್ಕೆ ಜಗಳವೇಕೆ ಎಂದರೆ, ವೇದಿಕೆಯ ಮೇಲೆ ನಿಲ್ಲುವವರು ನಮ್ಮ ಮಕ್ಕಳು. ಇಲ್ಲಿ ಹುಟ್ಟಿ ಗುಜರಾತಿಯಲ್ಲಿ ಆಡಿ, ಇಂಗ್ಲಿಷಿನಲ್ಲಿ ಓದುವ ಮಗು ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಆ ವೇದಿಕೆ ಹತ್ತುತ್ತದೆ. ಹಿಂದೆ ಕಾಣುವುದೇ ಅದಕ್ಕೆ ಕರ್ನಾಟಕ. ಅಲ್ಲಿ ಪ್ಯಾರಿಸಿನ ಚಿಪ್ಪನ್ನು ನೆಟ್ಟು 'ಹೊಯ್ಸಳ' ಎಂದು ಬರೆದರೆ, ನಾಳೆ ಬೇಲೂರಿಗೆ ಹೋದಾಗ ಆ ಮಗು ಹುಡುಕುವುದು ಚಿಪ್ಪ‌ನ್ನೇ. ಕಾಣದಿದ್ದರೆ 'ಇಷ್ಟೇನಾ' ಎಂದು ಮೊಬೈಲಿಗೆ ಮರಳುತ್ತದೆ. ಭಾಷೆ ಹೋಗುವುದು ಮಾತಿನಲ್ಲಿ ಮಾತ್ರವಲ್ಲ, ಕಣ್ಣಿನಲ್ಲೂ ಹೋಗುತ್ತದೆ.

ಆದ್ದರಿಂದ ಬರುವ ಸರ್ವಸದಸ್ಯರ ಸಭೆಯಲ್ಲಿ ಆ ಎರಡೂ ನಮೂನೆಗಳನ್ನು ಕೈಬಿಡಬೇಕೆಂದು ನಾವು ಠರಾವು ಮಂಡಿಸುತ್ತೇವೆ. ವೇದಿಕೆಗೆ ಸಾದಾ ಗೋಡೆ ಇರಲಿ. ಹಬ್ಬದ ದಿನ ಬಾಳೆಕಂಬ, ಮಾವಿನ ತೋರಣ, ನಮ್ಮ ಹೆಣ್ಣುಮಕ್ಕಳ ರಂಗೋಲಿ ಸಾಕು. ಅದಕ್ಕೆ ಸುಳ್ಳು ಹೆಸರು ಬೇಕಿಲ್ಲ. ಉಳಿದ ಹಣದಲ್ಲಿ ಗ್ರಂಥಾಲಯಕ್ಕೆ ಶಿಲ್ಪಕಲೆಯ ಒಳ್ಳೆಯ ಪುಸ್ತಕ ತರಿಸೋಣ, ಒಂದು ಬಸ್ಸು ಮಾಡಿ ಮಕ್ಕಳನ್ನು ಮೊಢೇರಾಕ್ಕೆ ಕರೆದೊಯ್ಯೋಣ. ಅಹಮದಾಬಾದಿನ ಹಳೆಯ ಪೇಟೆ 2017ರಲ್ಲಿ ದೇಶದ ಮೊದಲ ವಿಶ್ವಪರಂಪರೆಯ ನಗರವಾಯಿತು. ಅಲ್ಲಿನ ಪೋಳಗಳಲ್ಲಿ ಮರದ ಕಂಬ ತೊಲೆಗಳನ್ನು ಕೆತ್ತಿದ ಬಡಗಿಗಳ ಕೈಗೆಲಸ ಇನ್ನೂ ನಿಂತಿದೆ. ಒಂದು ಭಾನುವಾರ ಬೆಳಗ್ಗೆ ಮಕ್ಕಳ ಕೈ ಹಿಡಿದು ನಡೆದು, ಆ ಐದು ಪ್ರಶ್ನೆಗಳನ್ನು ಒಂದೊಂದು ಬಾಗಿಲ ಮುಂದೆಯೂ ಕೇಳೋಣ.

ಧಾರವಾಡದ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ಎಲ್ಲಾ ಒಂದೇ ಅಲ್ಲರೀ. ಪೇಡೆಯೂ ಸಿಹಿ, ಕುಂದಾವೂ ಸಿಹಿ. ಧಾರವಾಡದವರ ಮುಂದೆ ಕುಂದಾ ಇಟ್ಟು 'ಇದs ಪೇಡೆ' ಅಂದರೆ ನೀವು ಸುಮ್ಮನಿರುತ್ತೀರೇನು?